ಮೂರು ಕೆಜಿ ಸೀಸದ ಬಗ್ಗೆ

ನಾನು, ವಯಸ್ಸು 67 ವರ್ಷ, ನಿವೃತ್ತ ಪ್ರೌಢಶಾಲಾ ಭಾಷಾ ಶಿಕ್ಷಕ, ವಾಸ ಗ್ಲೈಡರ್ ಮೈದಾನದ ಹಿಂದಿನ ಬೀದಿ, ಮನೆ ಸಂಖ್ಯೆ 9, ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಬರೆಸಿಕೊಡುವುದೇನೆಂದರೆ:

ನನ್ನ ಮಗಳು, 34 ವರ್ಷ, ಪರೀಕ್ಷಾ ಪೈಲಟ್. ಬಾಲವಿಲ್ಲದ, ಬರೀ ರೆಕ್ಕೆಯ ವಿಮಾನಗಳ ಮೇಲೆ ಹಿಂದಿನವರು ನಡೆಸಿ ಕೈಬಿಟ್ಟ ಪ್ರಯೋಗಗಳ ಇತಿಹಾಸ ಬರೆಯುತ್ತಿದ್ದಾಳೆ. ಅಂಥದ್ದೊಂದು ಗ್ಲೈಡರನ್ನು ಹಳೆಯ ನಕ್ಷೆ ನೋಡಿ ಮತ್ತೆ ಕಟ್ಟಿಸಿದ್ದಾಳೆ. ಇಂಥವುಗಳಲ್ಲಿ ತೂಕ ನಾಲ್ಕು ಬೆರಳು ಹಿಂದೆ ಸರಿದರೂ ಮೂತಿ ಮೇಲೆದ್ದು ಹಿಡಿತ ತಪ್ಪುತ್ತದೆಂದು ಅವಳೇ ಹೇಳಿದ್ದಳು. ಅವಳ ಕೈಬರಹ ಶೆಡ್ಡಿನಲ್ಲಿ ಯಾರಿಗೂ ಅರ್ಥವಾಗದ ಕಾರಣ ಸೂಚನೆಗಳನ್ನು ನಾನು ಶುದ್ಧಪ್ರತಿ ಮಾಡಿಕೊಡುತ್ತಿದ್ದೆ.

ನಿನ್ನೆ ಸಂಜೆ 5.20ಕ್ಕೆ ಅವಳು ಕೊಟ್ಟ ಚೀಟಿಯಲ್ಲಿ ‘ಮೂರು ಕೆಜಿ ಸೀಸ ಮುಂದಕ್ಕೆ ಹಾಕಬೇಕು’ ಎಂದಿತ್ತು. ಅದು ತೀರ ಆಡುಮಾತೆನಿಸಿ ‘ಮೂರು ಕೆಜಿ ಸೀಸದ ಅಳವಡಿಕೆಯನ್ನು ಮುಂದೂಡತಕ್ಕದ್ದು’ ಎಂದು ತಿದ್ದಿದೆ. ಅವಳು ಹೇಳಿದ್ದು ಮೂತಿಯ ಕಡೆಗೆ ಎಂದು. ನಾನು ಬರೆದದ್ದು ಇನ್ನೊಂದು ದಿನಕ್ಕೆ ಎಂದು.

ಇಂದು ಬೆಳಿಗ್ಗೆ 6.50ಕ್ಕೆ ಶೆಡ್ಡಿನ ಮೆಕ್ಯಾನಿಕ್, ಮೇಷ್ಟ್ರೇ, ಸೀಸ ಇವತ್ತು ಬೇಡ್ವಾ, ಸರಿಯಾಗಿ ನೋಡಿದೀರಾ ಎಂದು ಕೇಳಿದರು. ಕನ್ನಡ ಓದೋಕೆ ಬರಲ್ವೇನಯ್ಯಾ, ಅದನ್ನೂ ಕಲಿಸಬೇಕಾ ಎಂದು ನಾಲ್ವರ ಎದುರು ಹೀಯಾಳಿಸಿದೆ. ಮೆಕ್ಯಾನಿಕ್ ನಕ್ಕು, ಸೀಸವನ್ನು ಕಪಾಟಿಗೆ ವಾಪಸಿಟ್ಟರು. 7.40ಕ್ಕೆ ಮಗಳು ಕಾಕ್‌ಪಿಟ್‌ನಲ್ಲಿ ಕೂತು ಮೆಕ್ಯಾನಿಕ್‌ಗೆ, ಮಾಮ, ಸೀಸದ್ದು ಆಯ್ತಾ ಎಂದಳು. ಅಪ್ಪ ಬರೆದ ಹಾಗೇ ಮಾಡಿದೀನಮ್ಮ ಎಂದರು. ಹಾಗಾದ್ರೆ ತಪ್ಪಿರಲ್ಲ ಬಿಡಿ ಎಂದಳು.

7.52ಕ್ಕೆ ಗ್ಲೈಡರ್ ಮೇಲೇರಿತು. ಸುಮಾರು 40 ಮೀಟರ್ ಎತ್ತರದಲ್ಲಿ ಮೂತಿ ನೆಟ್ಟಗೆ ನಿಂತಿತು. ನಂತರ ಎಡರೆಕ್ಕೆಯ ಮೇಲೆ ಮಗುಚಿ, ನಾನಿದ್ದ ಜಾಗದಿಂದ 210 ಹೆಜ್ಜೆ ದೂರದಲ್ಲಿ ಬಿತ್ತು. ಆ ಹೆಜ್ಜೆಗಳನ್ನು ಓಡುವಾಗ ಎಣಿಸಿದ್ದೇನೆ, ಯಾಕೆಂದು ತಿಳಿಯದು.

10.15ರಿಂದ ಅವಳ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ನಡೆಯುತ್ತಿದೆ. ಕಾಲಿಗೆ ಮತ್ತೆ ಶಕ್ತಿ ಬರುವುದೋ ಇಲ್ಲವೋ ಈಗಲೇ ಹೇಳಲಾಗದೆಂದು ವೈದ್ಯರು ತಿಳಿಸಿದರು.

1.30ಕ್ಕೆ, ಮೆಕ್ಯಾನಿಕ್ ಸೀಸ ಹಾಕುವುದನ್ನು ತಾನೇ ಮರೆತದ್ದಾಗಿ ಇದೇ ಠಾಣೆಯಲ್ಲಿ ಬರೆಸಿರುವುದು ತಿಳಿಯಿತು. ಅದು ಸುಳ್ಳು. ಈಗ ಹೊರಗಿನ ಬೆಂಚಿನಲ್ಲಿ ಕೂತಿರುವ ಅವರನ್ನು ಯಾಕೆ ಹಾಗೆ ಬರೆಸಿದಿರೆಂದು ಕೇಳಿದ್ದಕ್ಕೆ, ಎಚ್ಚರ ಆದ್ಮೇಲೆ ಅವಳಿಗೆ ಅಪ್ಪ ಬೇಕಲ್ವಾ ಮೇಷ್ಟ್ರೇ, ಸುಮ್ನೆ ಮನೆಗ್ಹೋಗಿ ಎಂದರು. ಅವರು ಮರೆತಿಲ್ಲ. ಚೀಟಿಯನ್ನೂ ನನ್ನ ಪ್ರತಿಯನ್ನೂ ಹಾಜರುಪಡಿಸಿದ್ದೇನೆ. ಅವರನ್ನು ಬಿಡಬೇಕು. ಮಗಳಿಗೆ ಇದನ್ನು ನಾನೇ ಹೇಳಬೇಕಾಗಿರುವುದರಿಂದ, ಅವಳಿಗೆ ಎಚ್ಚರವಾಗುವವರೆಗೆ ನನಗೆ ಆಸ್ಪತ್ರೆಯಲ್ಲಿರಲು ಅನುಮತಿ ಕೊಡಬೇಕು.

ಮೇಲೆ ಬರೆಸಿದ್ದು ನಡೆದ ಸಂಗತಿ. ಓದಿ ಹೇಳಿದ್ದನ್ನು ಕೇಳಿದೆ, ನಾನೂ ಓದಿ ನೋಡಿದೆ. ಎರಡು ಕಾಗುಣಿತ ತಪ್ಪುಗಳಿವೆ. ತಿದ್ದದೆ ಸಹಿ ಮಾಡಿದ್ದೇನೆ.

ಸ್ಥಳ: ಠಾಣೆ
ದಿನಾಂಕ: 15ನೇ ತಾರೀಖು, ಮಧ್ಯಾಹ್ನ 2.40
(ಸಹಿ)