ನಮ್ಮ ಲೋ ವೋಲ್ಟೇಜ್ ಬ್ಯಾಂಡಿನ ಒಂಬತ್ತು ಹಾಡು

ಅಲ್ಲ ಕಣೋ, ಬಕೆಟ್ ಅಲ್ಲ, ಬಿಸ್ಕತ್ ಡಬ್ಬ, ದೊಡ್ಡ ತಗಡಿನ ಡಬ್ಬ, ಬೇಕರೀಲಿ ಇಟ್ಟಿರ್ತಿದ್ರಲ್ಲ ಅದು, ಅದನ್ನ ಬೋರಲು ಹಾಕ್ಕೊಂಡು ಮೂರ್ತಿ ಬಾರಿಸ್ತಿದ್ದ. ಡ್ರಮ್ ಸೆಟ್ ಬಂದಿದ್ದು ಆಮೇಲೆ, ಎರಡು ವರ್ಷ ಆದ್ಮೇಲೆ, ಇಲ್ಲ, ಮೂರು ವರ್ಷ. ನಗಬೇಡ, ನಿಂಗೇನೋ ಫೋನಲ್ಲಿ ಒತ್ತಿದ್ರೆ ಡ್ರಮ್ ಬರತ್ತೆ. ನಮಗೆ ಗಿಟಾರ್ ತಂತಿ ಕಿತ್ತೋದ್ರೆ ಇಡೀ ಊರಲ್ಲಿ ಸಿಗ್ತಿರಲಿಲ್ಲ, ಫಾರಿನ್ನಿಂದ ಯಾರಾದ್ರೂ ಬಂದಾಗ ತಂದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ನಾನು ವೀಣೆ ತಂತೀನೇ ಬಿಗಿದು ಬಾರಿಸ್ತಿದ್ದೆ, ಬೆರಳ ತುದಿ ಒಡೆದು ರಕ್ತ ಬಂದು ಅನ್ನ ಕಲಸಿದ್ರೆ ಸಾರು ಉರೀತಿತ್ತು. ಹೂಂ, ನಾನೇ. ಯಾರು ಅಂದ್ಕೊಂಡ್ರಿ? ನಿಮ್ಮಜ್ಜಿ ರಾಕ್ ಬ್ಯಾಂಡಲ್ಲಿ ಗಿಟಾರ್ ಬಾರಿಸ್ತಿದ್ಲು, ಸೀರೆ ಉಟ್ಕೊಂಡು, ಎರಡು ಜಡೆ ಹಾಕ್ಕೊಂಡು, ಹದಿನಾಲ್ಕು ವರ್ಷದ ಕಾಲ.

ಶುರು ಮಾಡಿದ್ದು ನಮ್ಮಣ್ಣ ಬಸಣ್ಣ. ಹಳೇ ಸಾಮಾನಿನ ಸಂತೇಲಿ ಕತ್ತು ಮುರಿದಿರೋ ಗಿಟಾರ್ ಒಂದು ಸಿಕ್ತು ಅವನಿಗೆ, ಅದನ್ನ ಇಲ್ಲೇ ಗವಿಪುರದಲ್ಲಿ ವೀಣೆ ರಿಪೇರಿ ಮಾಡೋ ಆಚಾರ್ರ ಹತ್ರ ತಗೊಂಡು ಹೋದ್ವಿ. ಅವರು ಹಿಂದೆ ಮುಂದೆ ತಿರುಗ್ಸಿ ತಿರುಗ್ಸಿ ನೋಡಿ, "ಇದರ ಸೋರೆ ಬುರುಡೆ ಎಲ್ಲಿ ಬಿಟ್ಟು ಬಂದ್ರಮ್ಮಾ?" ಅಂದ್ರು. ಅಂತೂ ಕತ್ತು ಕೂರಿಸಿ ಕೊಟ್ರು. ಆದ್ರೆ ನಮ್ಮಣ್ಣನಿಗೆ ಶ್ರುತಿ ಸೇರಿಸೋಕೇ ಬರ್ತಿರಲಿಲ್ಲ, ನಾನೋ ಏಳು ವರ್ಷ ವೀಣೆ ಕಲ್ತಿದ್ದೆ, ಒಂದು ದಿನ ಅವನ ಕೈಯಿಂದ ಕಿತ್ಕೊಂಡು ಶ್ರುತಿ ಮಾಡಿ ಬಾರಿಸ್ದೆ, ಅಷ್ಟೇ, ಮತ್ತೆ ವಾಪಸ್ ಕೊಡ್ಲೇ ಇಲ್ಲ. ಅವನು ಹಳೇ ವಾಲ್ವ್ ರೇಡಿಯೋ ಬಿಚ್ಚಿ ಗಿಟಾರಿಗೆ ಸ್ಪೀಕರ್ ಪೆಟ್ಟಿಗೆ ಮಾಡ್ದ, ಅದನ್ನ ನೋಡ್ಕೊಳ್ಳೋದು ಅವನ ಕೆಲಸ. ಡಬ್ಬಕ್ಕೆ ಮೂರ್ತಿ, ಅಣ್ಣನ ಕ್ಲಾಸ್‌ಮೇಟು. ಹಾಡೋಕೆ ವಿಕ್ಟರ್ ಅಂತ ಕಂಟೋನ್ಮೆಂಟಿನ ಹುಡುಗ, ಆಹಾ, ಏನು ಗಂಟಲು ಅಂತೀರಾ. ನಗರ್ತಪೇಟೇಲಿ ನಮ್ಮಪ್ಪಾಜಿದು ರೇಷ್ಮೆ ಸೀರೆ ಅಂಗಡಿ ಇತ್ತಲ್ಲ, ಅದರ ಹಿಂದಿನ ಗೋಡೌನಲ್ಲಿ ಪ್ರಾಕ್ಟೀಸು. ಸುತ್ತ ಸೂರಿನವರೆಗೂ ಬಟ್ಟೆ ಮೂಟೆ, ಸದ್ದು ಆಚೆ ಹೋಗ್ತಾನೇ ಇರಲಿಲ್ಲ ಗೊತ್ತಾ, ಮೂಟೆಗಳೇ ಎಲ್ಲಾ ನುಂಗ್ಕೊಂಡುಬಿಡೋವು. ಸಂಜೆ ಆದ್ರೆ ಕರೆಂಟು ಇಳಿಯೋದು, ಬಲ್ಬು ಕೆಂಪಗಾಗೋದು, ಗಿಟಾರ್ ದನಿ ಜ್ವರ ಬಂದೋರ ಹಾಗೆ ನರಳೋದು, ಅದಕ್ಕೇ ವಿಕ್ಟರು ಬ್ಯಾಂಡಿಗೆ ಲೋ ವೋಲ್ಟೇಜ್ ಅಂತ ಹೆಸರಿಟ್ಟ.

ಎಷ್ಟು ದಿನ ಮುಚ್ಚಿಡೋಕಾಗತ್ತೆ? ಒಂದಿನ ಅಪ್ಪಾಜಿ ಸೀರೆ ಬಾಕ್ಸ್ ತಗೊಳ್ಳೋಕೆ ಒಳಗೆ ಬಂದ್ರು. ಗಿಟಾರ್ ಬಸಣ್ಣನ ಕೈಲಿದ್ದಿದ್ರೆ ಎರಡು ಬೈದು ಹೋಗ್ತಿದ್ರೋ ಏನೋ, ನನ್ನ ಕೈಲಿತ್ತು. ಬಾಕ್ಸ್ ತಗೊಂಡು ಹೋದ್ರು. ಹದಿನೈದು ದಿನ ನನ್ನ ಹತ್ರ ಮಾತಿಲ್ಲ, ಕಾಫಿ ಕೊಟ್ರೆ ಲೋಟ ನೋಡ್ತಿದ್ರೇ ಹೊರತು ನನ್ನ ಮುಖ ನೋಡ್ತಿರಲಿಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು ಕಣ್ರೇ.

ಅಷ್ಟರಲ್ಲಿ ರಾಮೋತ್ಸವ ಬಂತು. ಆಗ ನಮ್ಮನೆ ಚಾಮರಾಜಪೇಟೇಲಿ, ಇದಲ್ಲ, ಇದು ಆಮೇಲೆ ಕೊಂಡಿದ್ದು. ನಮ್ಮ ಬೀದೀಲೇ ಚಪ್ಪರ ಹಾಕಿ ದಿನಾ ಸಂಜೆ ಸಂಗೀತ ಕಚೇರಿ ಇಡ್ತಿದ್ರು. ಆ ದಿನ ಕೊಳಲು ವಿದ್ವಾಂಸರಿಗೆ ಕೆಮ್ಮು ಹಿಡ್ಕೊಂಡುಬಿಡ್ತು, ಬೆಳಿಗ್ಗೆ ಬೆಳಿಗ್ಗೆ ಉತ್ಸವದ ಕಾರ್ಯದರ್ಶಿ ಓಡ್ಕೊಂಡು ಮನೆಗೆ ಬಂದ್ರು, ನಿಮ್ಮ ಮಗಳು ವೀಣೆ ಬಾರಿಸ್ತಾಳಲ್ಲ, ಇವತ್ತೊಂದು ಸಂಜೆ ಮಾನ ಉಳಿಸಿ ಅಂತ. ಅಪ್ಪಾಜಿ, ವೀಣೆ ಬೇಡ, ಅವಳದ್ದು ಬೇರೆ ಒಂದು ಮೇಳ ಇದೆ, ಅದನ್ನೇ ಇಟ್ಕೊಳ್ಳಿ ಅಂದ್ರು. ಕಾರ್ಯದರ್ಶಿ ಆ ಕಡೆ ಹೋಗ್ತಿದ್ದಂಗೆ ಹದಿನೈದು ದಿನದ ಮೌನ ಮುರಿದು ಹೇಳಿದ್ರು, "ಕಚೇರಿ ಮುಗಿಯೋವರೆಗೂ ಜನ ಕೂತಿದ್ರೆ ನಾನು ಇನ್ಮೇಲೆ ತುಟಿ ಬಿಚ್ಚಲ್ಲ. ಎದ್ದು ಹೋದ್ರು ಅಂದ್ರೆ, ಗಂಗೂ, ನಾಳೆಯಿಂದ ನೀನದನ್ನ ಮುಟ್ಟಕೂಡ್ದು." ವ್ಯಾಪಾರಸ್ಥರ ಬುದ್ಧಿ ನೋಡಿ. ತಾವು ಬೇಡ ಅಂದು ಕೆಟ್ಟೋರಾಗಬಾರ್ದು, ಬೀದಿಯೋರ ಕೈಲೇ ಬೇಡ ಅನ್ನಿಸಬೇಕು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ತೆ. ಗಿಟಾರ್ ಇಲ್ದಿದ್ರೆ ನಂಗೆ ಇನ್ನೇನಿದೆ ಅನ್ನಿಸ್ಬಿಟ್ಟಿತ್ತು.

ಸಂಜೆ ಆರು ಗಂಟೆ. ಚಪ್ಪರದ ತುಂಬ ಜಮಖಾನ, ಜಮಖಾನದ ತುಂಬ ಜನ, ಮುಂದೆ ಬೀದಿಯ ಅಜ್ಜೀರೆಲ್ಲ ಮಲ್ಲಿಗೆ ಮುಡ್ಕೊಂಡು ಸಾಲಾಗಿ, ಗಂಡಸರ ಕಡೆ ಮೊದಲನೇ ಸಾಲಲ್ಲೇ ಅಪ್ಪಾಜಿ. ಮೂರ್ತಿ ಒಂದೇಟು ಹಾಕಿದ್ದೇ ತಡ, ಬೇವಿನ ಮರದ ಕಾಗೆಗಳೆಲ್ಲ ಎದ್ದು ಹೋದ್ವು, ಅಯ್ಯೋ ಶುರುವಾಯ್ತಪ್ಪ ಹೋಗೋದು ಅಂದ್ಕೊಂಡೆ. ಆದ್ರೆ ಮನುಷ್ಯರು ಒಬ್ಬರೂ ಏಳಲಿಲ್ಲ. ನಮಗೆ ಬರ್ತಿದ್ದಿದ್ದೇ ಒಂಬತ್ತು ಹಾಡು, ಎಲ್ಲಾ ನಾವೇ ಕಟ್ಟಿದ್ದು, ಒಂದಕ್ಕಿಂತ ಒಂದು ಗಲಾಟೆ. ಅಜ್ಜೀರು ಎರಡೂ ಕಿವಿಗೆ ಬೆರಳಿಟ್ಕೊಂಡು ಕೂತಿದ್ರು, ಆದ್ರೆ ಕೂತಿದ್ರು. ಒಂಬತ್ತೂ ಮುಗೀತು. ವಿಕ್ಟರು ಥ್ಯಾಂಕ್ಯೂ ಥ್ಯಾಂಕ್ಯೂ ಅಂದ, ಕೈ ಮುಗಿದ್ವಿ. ಚಪ್ಪಾಳೆ ಇಲ್ಲ, ಮಾತಿಲ್ಲ, ಒಂದು ಪಿಳ್ಳೆನೂ ಏಳಲಿಲ್ಲ, ಎಲ್ಲಾ ನಮ್ಮನ್ನೇ ನೋಡ್ತಿದಾರೆ. ಅರ್ಚಕರು ಆರತಿ ತಟ್ಟೆ ಹಿಡ್ಕೊಂಡು ನಿಂತೇ ಇದಾರೆ, ಪಾನಕದ ಕೊಳಗದ ಹತ್ರ ಸೌಟು ಹಿಡ್ಕೊಂಡೋರೂ ಸುಮ್ನೆ ನಿಂತಿದಾರೆ. ವಿಕ್ಟರು ನನ್ನ ಕಿವೀಲಿ, "ಗಂಗಾ, ಇವರಿಗೆ ಇನ್ನೂ ಬೇಕಂತೆ" ಅಂದ. ನಾನು ಆಕಾಶದಲ್ಲಿದ್ದೆ ಕಣ್ರೋ. ನಮ್ಮನ್ನ ಕೇಳಿ ಚಾಮರಾಜಪೇಟೆ ಮಾತೇ ಮರ್ತಿದೆ ಅಂದ್ಕೊಂಡೆ.

ಸರಿ, ಮತ್ತೆ ಒಂದನೇ ಹಾಡಿಂದ ಶುರು. ಎರಡನೇ ಸುತ್ತಲ್ಲಿ ನಾನು ಬಾರಿಸಿದ ಹಾಗೆ ಜನ್ಮದಲ್ಲಿ ಬಾರಿಸಿಲ್ಲ, ಕುಣಿದೆ ಕೂಡ, ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಕುಣಿದೆ. ಕರೆಂಟೂ ಅವತ್ತು ಕೈ ಕೊಡಲಿಲ್ಲ. ಒಂಬತ್ತೂ ಇನ್ನೊಂದು ಸಲ ಮುಗೀತು. ಮೂರ್ತಿ ಕೋಲು ಮುರಿದು ಸೌಟಿನ ಹಿಡೀಲಿ ಬಾರಿಸ್ತಿದ್ದ, ವಿಕ್ಟರ್ ಗಂಟಲು ಕಪ್ಪೆ ಥರ ಆಗಿತ್ತು. ಜನ ಕೂತೇ ಇದಾರೆ. ಮೂರನೇ ಸುತ್ತಿಗೆ ನಾನು ಶ್ರುತಿ ಮಾಡ್ಕೋತಿದ್ದಂಗೆ ಮುಂದಿನ ಸಾಲಿಂದ ನನ್ನ ವೀಣೆ ಟೀಚರ್ರು, ನಂಜಮ್ಮನೋರು, ಬೆರಳಾಡಿಸಿ ಹತ್ರ ಕರೆದ್ರು. ಶಹಭಾಸ್ ಅಂತಾರೆ ಅಂತ ಬಗ್ಗಿದೆ.

"ಮಂಗಳ ಹಾಡ್ತೀಯೋ ಇಲ್ವೋ ಗಂಗೂ? ನನ್ನ ಸೊಂಟ ಬಿದ್ದೋಯ್ತು. ದೇವರ ಮುಂದೆ ಕಚೇರಿ ಇಟ್ಟು, ಮಂಗಳ ಹಾಡದೆ ನಾವು ಹೆಂಗೆ ಏಳೋದೇ?"

ಅಯ್ಯೋ ರಾಮಚಂದ್ರ. ಏಳು ವರ್ಷ ಅವರ ಹತ್ರಾನೇ ಕಲ್ತು, ದಿನಾ ಪಾಠದ ಕೊನೇಲಿ ಮಂಗಳ ಬಾರಿಸಿ, ಅವತ್ತೇ ಮರೆತಿದ್ದೀನಿ ನಾನು. ನಮ್ಮೋರು ಏನು ಬೇಕಾದ್ರೂ ತಡ್ಕೋತಾರೆ, ಮಂಗಳ ಆಗ್ದೆ ಮಾತ್ರ ಏಳಲ್ಲ. ವಿಕ್ಟರಿಗೆ ಏನು ಅಂತ ಹೇಳೋದು? ಗಿಟಾರಲ್ಲೇ ಮಧ್ಯಮಾವತಿ ರಾಗ ಹಿಡಿದು ಮಂಗಳ ಬಾರಿಸ್ದೆ, ಮೂರ್ತಿ ಸೌಟಲ್ಲಿ ತಾಳ ಹಾಕ್ದ. ಕೊನೇ ಸ್ವರ ಬಿದ್ದಿದ್ದೇ ಬಿದ್ದಿದ್ದು, ಇಡೀ ಚಪ್ಪರ ಒಟ್ಟಿಗೆ ಎದ್ದು ನಿಂತ್ಕೊಂಡು ಕರ್ಪೂರಕ್ಕೆ ಕೈ ಮುಗೀತು, ಮುಗ್ದು ಪಾನಕಕ್ಕೆ ಓಡ್ತು.

ನಂಗೆ ನಗು, ನಾಚಿಕೆ, ಅಳು, ಎಲ್ಲಾ ಒಟ್ಟಿಗೆ. ಷರತ್ತಿನ ಪ್ರಕಾರ ನಾನೇ ಗೆದ್ದಿದ್ದೆ. ಬಸಣ್ಣ ಸುಮ್ನಿರು, ಬಾಯಿ ಮುಚ್ಕೊಂಡಿರು ಅಂತ ಕಣ್ಣಲ್ಲೇ ಹೇಳ್ತಿದ್ದ. ಆದ್ರೆ ಅಪ್ಪಾಜಿ ಪಾನಕದ ಲೋಟ ಹಿಡ್ಕೊಂಡು ಪಕ್ಕಕ್ಕೆ ಬಂದು ನಿಂತಾಗ ಸುಳ್ಳು ಗೆಲುವು ಗಂಟಲಲ್ಲಿ ಇಳೀಲಿಲ್ಲ. ಹೇಳ್ಬಿಟ್ಟೆ, "ಅಪ್ಪಾಜಿ, ಅವರು ನಮ್ಮ ಹಾಡಿಗೆ ಕೂತಿರಲಿಲ್ಲ, ಮಂಗಳಕ್ಕೆ ಕೂತಿದ್ರು."

"ಗೊತ್ತು. ನಾನೂ ಅದಕ್ಕೇ ಕೂತಿದ್ದೆ" ಅಂದ್ರು. ಪಾನಕ ಪೂರ್ತಿ ಕುಡಿದು ಮುಗ್ಸಿದ್ರು. "ಮೊದಲನೇ ಸಲ ತಲೆನೋವು ಬಂತು. ಎರಡನೇ ಸಲ ಆ ನಾಲ್ಕನೇ ಹಾಡಿಗೆ, ನಾನು ಬೇಡ ಬೇಡ ಅಂದ್ರೂ, ಕಾಲು ತಾಳ ಹಾಕ್ತು. ಏನ್ ಮಾಡ್ಲಿ ಹೇಳು?"

ಅಷ್ಟೇ. ಆಮೇಲೆ ಹದಿನಾಲ್ಕು ವರ್ಷ ಗಿಟಾರ್ ಬೇಡ ಅಂತ ಒಂದೇ ಒಂದು ಮಾತು ಆಡಲಿಲ್ಲ. ಕಾಲೇಜು, ಕ್ಲಬ್ಬು, ಮೈಸೂರು, ಮದ್ರಾಸು, ಎಲ್ಲಾ ಕಡೆ ಹೋಗಿ ಬಾರಿಸಿದ್ವಿ. ಅದಕ್ಕೇ ಹೇಳ್ತೀನಿ ಕೇಳ್ರೋ, ಜನ ಯಾತಕ್ಕೆ ಕೂತಿದಾರೆ ಅಂತ ತಲೆ ಕೆಡಿಸ್ಕೋಬೇಡಿ, ಪಾನಕಕ್ಕಾದ್ರೂ ಕೂತಿರ್ಲಿ, ಮಳೆಗಾದ್ರೂ ಕೂತಿರ್ಲಿ. ಕೂತಿದಾರಲ್ಲ, ಚೆನ್ನಾಗಿ ಬಾರಿಸಿ.