ಕುಂಡದಲ್ಲಿ ಸಿಕ್ಕ ಬೀನ್ಸ್

ಇಲ್ಲ ಇಲ್ಲ, ಬೈಯೋಕೆ ಬಂದಿಲ್ಲ ನಾನು. ಅಜ್ಜಿ ಯಾವತ್ತಾದ್ರೂ ಬೈದಿದಾಳಾ? ಸ್ವಲ್ಪ ಆ ಕಡೆ ಸರಿ, ಮಂಚದ ತುದೀಲಿ ಕೂತ್ಕೊಳ್ತೀನಿ. ಅಯ್ಯೋ, ನನ್ನ ಮಂಡಿ... ಹಾಂ. ತಟ್ಟೆ ಹಾಗೇ ಇದೆಯಲ್ಲ, ಇಲಿಮರಿ? ಅಷ್ಟೂ ಬೀನ್ಸ್ ತಿಂದು ಮುಗಿಸೋವರೆಗೂ ರೂಮಿಂದ ಹೊರಗೆ ಬರ್ಬಾರ್ದು ಅಂದ್ಳಲ್ಲ ನಿಮ್ಮಮ್ಮ. ನಾಳೆ ಈಜೋಕೂ ಕಳಿಸಲ್ವಂತೆ. ಕ್ಲಾಸಿನ ಮಕ್ಕಳೆಲ್ಲ ಹೋಗ್ತಿದಾರೆ ಕಣಮ್ಮ ಅಂತ ಹೇಳ್ದೆ. ಹೇಳ್ಲಿಲ್ಲ ಅನ್ಕೋಬೇಡ. ಅವಳು ಕೇಳ್ಬೇಕಲ್ಲ!

ಅವಳದೂ ತಪ್ಪಲ್ಲ ಬಿಡು. ಊಟದ ಮೇಜಿನ ಹತ್ರ ಎಲ್ಲಿಂದ ಈ ನಾತ ಅಂತ ಗಿಡದ ಕುಂಡ ಸರಿಸಿ ನೋಡಿದ್ರೆ... ಬೀನ್ಸು, ಬೀಟ್ರೂಟು, ಕ್ಯಾರೆಟ್ಟು! ಕೊಳೆತು, ಬೂಷ್ಟು ಹಿಡಿದು, ಇರುವೆ ಮುತ್ತಿಕೊಂಡು! ಯಾರಿಗೆ ತಾನೆ ಸಿಟ್ಟು ಬರಲ್ಲ? ಆದ್ರೆ ನೀನು "ನಾನೇ" ಅಂತ ಒಪ್ಕೊಂಡ್ಯಲ್ಲ... ಅದು ದೊಡ್ಡದು. ನಿಮ್ಮಮ್ಮನಿಗೂ ಅದೇ ಹೇಳ್ದೆ. ನಿಜ ಹೇಳೋಕೆ ಎದೆಗಾರಿಕೆ ಬೇಕಮ್ಮ, ಮಗು ನಿಜ ಹೇಳ್ತು ಅಂತ.

ಯಾಕೆ ನಗ್ತೀಯ?

ನಗ್ಲಿಲ್ವಾ... ಸರಿ.

ನೋಡು, ತರಕಾರಿ ಅಂದ್ರೆ ಸುಮ್ನೆ ಅಲ್ಲ. ನಾನು ಕಾಲೇಜಲ್ಲಿ ಓದಿದ್ದೇ ಆಹಾರ ವಿಜ್ಞಾನ. ನಮ್ಮ ಕಡೆ ಹೆಣ್ಮಕ್ಕಳು ಕಾಲೇಜಿನ ಗೇಟೂ ನೋಡಿರ್ಲಿಲ್ಲ ಆಗ. ಫ್ರಿಜ್ ಬಾಗಿಲ ಮೇಲೆ ಪಟ್ಟಿ ಯಾಕೆ ಹಾಕ್ದೆ ಹೇಳು? ತಟ್ಟೆ ಖಾಲಿ ಮಾಡಿದವರಿಗೆ ಹಸಿರು ನಕ್ಷತ್ರ. ದೊಡ್ಡವರು ಚಿಕ್ಕವರು ಅಂತಿಲ್ಲ, ಎಲ್ಲರಿಗೂ ಒಂದೇ ನ್ಯಾಯ. ನಿಮ್ಮಪ್ಪನಿಗೇ ಎಷ್ಟೋ ಸಲ ತಪ್ಪಿದೆ, ನನಗೆ ತಪ್ಪಿಲ್ಲ. "ಅಮ್ಮ ಈ ವಯಸ್ಸಲ್ಲೂ ಫಸ್ಟ್ ರ‍್ಯಾಂಕು" ಅಂತ ಅವನು ರೇಗಿಸಲ್ವಾ? ದೊಡ್ಡವರು ತಿನ್ನೋದು ನೋಡಿ ತಾನೆ ಮಕ್ಕಳು...

ಹಾಗೆ ನೋಡ್ಬೇಡ.

ಹಾಗೆ ನೋಡ್ಬೇಡ ಅಂದ್ನಲ್ಲ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋಕೆ ನಾನೇನು... ನಾನು ನೀರು ತರೋಕೆ ಎದ್ದಾಗ ನೀನು ಮೇಜು ಸುತ್ತಿ ಬಂದು ಹಾಕಿರ್ತೀಯ. ಕುಂಡ ನನ್ನ ಕುರ್ಚಿ ಹಿಂದೆ ಇದ್ರೆ ಏನಾಯ್ತು? ನಿನ್ನ ಕೈ ಎಟುಕಲ್ಲ, ನಿಜ. ಕಾಲಿಲ್ವಾ ನಿನಗೆ? ಹೂಂ ಅನ್ನು. ಹೂಂ ಅನ್ನೇ... ಏನಾದ್ರೂ ಮಾತಾಡು, ಮರಿ.

...

ಯಾವಾಗ ನೋಡ್ದೆ?

ಬೀಟ್ರೂಟ್ ಮಾಡಿದ್ದ ದಿನವಾ? ಅದಕ್ಕೂ ಮುಂಚೆನಾ? ಮೊದಲಿಂದ್ಲೂ?

ಅಂದ್ರೆ... ನನ್ನ ಎದುರಿಗೇ ಕೂತು, ನಾನು ಕೈ ಹಿಂದೆ ಮಾಡಿ ಹಾಕೋದನ್ನ ನೋಡ್ತಾ ನೋಡ್ತಾ, ನೀನು ನಿನ್ನ ಪಾಲು ಅಗಿದು ನುಂಗ್ತಿದ್ಯಾ? ಕಣ್ಣಲ್ಲಿ ನೀರು ಬಂದ್ರೂ? ನಾನು ಜಾಣೆ ಜಾಣೆ ಅಂತ ನಿನಗೊಂದು ನಕ್ಷತ್ರ ಅಂಟಿಸಿ, ಅದರ ಪಕ್ಕ ನನಗೂ ಒಂದು ಅಂಟಿಸ್ಕೊಳ್ತಿದ್ದೆ. ಥೂ ನನ್ನ ಜನ್ಮಕ್ಕೆ.

ಆಗಲ್ಲ ಕಣೇ ನನಗೆ. ಬಾಯಿ ಹತ್ರ ತಂದ್ರೆ ಸಾಕು, ವಾಕರಿಕೆ ಬರುತ್ತೆ. ನಿನ್ನಷ್ಟು ಇದ್ದಾಗಿಂದ್ಲೂ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತಾರೆ... ನಾನು ಆ ಬದನೆಕಾಯಿನೂ ತಿನ್ಲಿಲ್ಲ. ಹೇಳ್ಬಿಡ್ಬೇಕಿತ್ತು. ಆದ್ರೆ ಪಟ್ಟಿ ಹಾಕಿದವಳು ನಾನು, ನಿಮ್ಮಮ್ಮನಿಗೆ ದಿನಾ ಪಾಠ ಹೇಳೋಳು ನಾನು. ಅವಳು "ಯಾರ ಕೆಲಸ ಇದು?" ಅಂದಾಗ ನೀನು ಒಂದೇ ಒಂದು ಸಲ ನನ್ನ ಮುಖ ನೋಡ್ದೆ. ನಾನು ನೀರಿನ ಲೋಟ ನೋಡ್ತಾ ಕೂತೆ. ಆಮೇಲೆ ತಾನೆ ನೀನು "ನಾನೇ" ಅಂದಿದ್ದು?

ಕೊಡು ಆ ತಟ್ಟೆ. ಕೊಡು ಅಂದೆ. ತಣ್ಣಗಾಗಿದ್ರೆ ಆಗ್ಲಿ... ಹ್ಮ್... ಅಯ್ಯಪ್ಪಾ! ಇಲ್ಲ, ಉಗಿಯಲ್ಲ. ಕುಂಡ ಇಲ್ಲೆಲ್ಲಿದೆ ಉಗಿಯೋಕೆ? ನುಂಗ್ದೆ. ನೋಡು, ಆ... ಖಾಲಿ. ಈಗ ನಗ್ತಿದೀಯ. ನಗು, ನಗು.

ಏನಮ್ಮಾ! ಸ್ವಲ್ಪ ಬಾ ಇಲ್ಲಿ! ಆ ಕುಂಡದ ವಿಷಯ... ಏಯ್, ಏನೇ ಇದು? ತೆಗಿ. ನನ್ನ ಬಾಯಿ ಮೇಲಿಂದ ಕೈ ತೆಗಿ, ಮರಿ. ನೀನು ಬಾಯಿ ಮುಚ್ಕೊಂಡಿದ್ದೇ ಸಾಕು... ನನ್ನ ಬಾಯೂ ಮುಚ್ಚಬೇಡ.