ಕೂತುಬಿಟ್ಟ ನಾಯಿ

ಬಂದರಿನ ಗೇಟಿನೆದುರು ಬಸ್ಸಿಗೆ ಕಾಯುತ್ತಿದ್ದ ದಾದಿಯ ಮುಂದೆ ಕಸ್ಟಮ್ಸ್‌ನವರಿಬ್ಬರು ನಿಂತಿದ್ದರು. ಒಬ್ಬ ಹಿರಿಯ, ಇನ್ನೊಬ್ಬ ಹೊಸಬ, ತಲೆಯ ಮೇಲಿನ ಟೋಪಿಯೂ ಹೊಸದು. ಬೇಡವೆಂದರೂ ಮಾತು ಅವಳ ಕಿವಿಗೆ ಬೀಳುತ್ತಿತ್ತು.

“ಹಡಗಲ್ಲಿ ಏನೂ ಸಿಗ್ಲಿಲ್ಲ ಸಾರ್. ನೀವು ಜೊತೆಗೆ ಕಳಿಸಿದ ಆ ನಾಯಿ ಶುದ್ಧ ದಂಡಪಿಂಡ.”

“ಯಾಕೋ?”

“ಅಡುಗೆಮನೇಲಿ ಹಿಟ್ಟಿನ ಮೂಟೆ ಮುಂದೆ ಕೂತೇಬಿಡ್ತು. ಎಳೆದ್ರೂ ಏಳ್ಲಿಲ್ಲ. ಕೊನೆಗೆ ಎತ್ಕೊಂಡು ಬಂದೆ.”

“ಮೂಟೆ ಬಿಚ್ಚಿದ್ಯಾ?”

“ಯಾಕೆ ಸಾರ್?”

“ಕಳ್ಳಮಾಲಿನ ವಾಸನೆ ಸಿಕ್ಕಿದ್ರೆ ಕೂತ್ಕೋ ಅಂತಲೇ ಅದಕ್ಕೆ ಕಲಿಸಿರೋದು ಕಣಯ್ಯಾ! ಹಡಗು ಇದೆಯೋ, ಹೋಯ್ತೋ?”

“ಬೆಳಗ್ಗೇನೇ ಹೋಯ್ತು.”

ಬಸ್ಸು ಬಂತು. ಹಿರಿಯ ಮೆಟ್ಟಿಲೇರುತ್ತಾ ತಿರುಗಿದ.

“ಆ ಟೋಪಿ ನಾಯಿಗೆ ಕೊಡು. ನಿನಗೆ ಹಡಗಿನವರೇ ಒಂದು ಹಾಕಿ ಹೋಗಿದಾರಲ್ಲ.”